ಗ್ರಹಣದ ನೆರಳು ಮತ್ತು ಟೆಕ್ಸಸ್‌ನ ಹನ್ನೊಂದು ಹಂದಿಮರಿಗಳು

2024ರ ಏಪ್ರಿಲ್ 8, ಸೋಮವಾರ. ಮರುದಿನ ಯುಗಾದಿ. ಆ ಅಮಾವಾಸ್ಯೆಯಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ಪಥವು ನಾವು ವಾಸಿಸುವ ಕಾಪೆಲ್ ಪಟ್ಟಣದ ಮೇಲೆಯೇ ಹಾದುಹೋಗುವುದಿತ್ತು. ಬೆಳಗಿನಿಂದಲೂ ನಮ್ಮ ಬೀದಿಯ ಜನರು ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಕುರ್ಚಿಗಳನ್ನು ಹಾಕಿಕೊಂಡು, ಕಾಗದದ ಕಪ್ಪು ಕನ್ನಡಕಗಳನ್ನು ಧರಿಸಿ ಮೋಡ ಸರಿಯುವುದನ್ನೇ ಕಾಯುತ್ತಿದ್ದರು. ಮಧ್ಯಾಹ್ನ 1 ಗಂಟೆ 40 ನಿಮಿಷದ ಸುಮಾರಿಗೆ ಹಗಲು ಇರುಳಾಯಿತು. ಮೂರು ನಿಮಿಷಕ್ಕೂ ಹೆಚ್ಚು ಕಾಲ ಸೂರ್ಯನಿದ್ದ ಜಾಗದಲ್ಲಿ ಕಪ್ಪು ಬಿಲ್ಲೆಯೊಂದು ಬೆಳ್ಳಿಯ ಅಂಚಿನೊಡನೆ ನಿಂತಿತ್ತು.

ಅದೇ ಬೀದಿಯ ಕೊನೆಯಲ್ಲಿರುವ ಕನ್ನಡಿಗ ಮಿತ್ರರ ಮನೆಯಲ್ಲಿ ಮಾತ್ರ ಎಲ್ಲ ಕಿಟಕಿಗಳ ಪರದೆಗಳೂ ಮುಚ್ಚಿದ್ದವು. ಆ ಮನೆಯ ಸೊಸೆ ಏಳು ತಿಂಗಳ ಗರ್ಭಿಣಿ. ಮಗಳ ಬಾಣಂತನಕ್ಕೆಂದು ಹಾಸನದ ಕಡೆಯಿಂದ ಬಂದಿದ್ದ ಆಕೆಯ ತಾಯಿ, ಹಾಲಿನ ಪಾತ್ರೆಗೂ ಉಪ್ಪಿನಕಾಯಿಯ ಜಾಡಿಗೂ ದರ್ಭೆಯ ಎಸಳುಗಳನ್ನು ಇರಿಸಿ, ಮಗಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಗ್ರಹಣ ಬಿಟ್ಟ ಮೇಲೆ ನಾನು ಅವರ ಮನೆಗೆ ಹೋದೆ. ನನ್ನ ಮುಖದಲ್ಲಿ ಮೂಡಿದ್ದ ನಗೆಯನ್ನು ಆ ಹಿರಿಯರು ಗಮನಿಸಿರಬೇಕು.

"ನಗಬೇಡಿ ಡಾಕ್ಟ್ರೇ," ಎಂದರು. "ನಮ್ಮ ಅತ್ತಿಗೆ ಬಸುರೀಲಿ ಗ್ರಹಣದ ದಿನ ಮರೆತು ತರಕಾರಿ ಹೆಚ್ಚಿದ್ರು. ಹುಟ್ಟಿದ ಮಗೂಗೆ ತುಟಿ ಸೀಳಿತ್ತು. ಆಪರೇಷನ್ ಮಾಡಿಸಿದ್ಮೇಲೆ ಸರಿಹೋಯ್ತು, ಹುಡುಗ ಈಗ ಎಂಜಿನಿಯರು. ಆದ್ರೆ ಅತ್ತಿಗೆ ಮಾತ್ರ ಸಾಯೋತನಕ ಈಳಿಗೆಮಣೆ ಮುಟ್ಲಿಲ್ಲ. ಮನೇಲಿ ಮಾತು ಬಂದಾಗೆಲ್ಲ ಅತ್ತೆಯವರು ಅದನ್ನೇ ಎತ್ತಿ ಆಡೋರು."

ನನ್ನ ನಗೆ ಅಲ್ಲಿಗೇ ನಿಂತಿತು. ಮಗುವಿನ ತುಟಿಯ ಗಾಯವನ್ನು ಶಸ್ತ್ರವೈದ್ಯರು ಹೊಲಿದು ಮಾಯಿಸಿದ್ದರು. ತಾಯಿಯ ಮೇಲೆ ಹೊರಿಸಿದ ಅಪರಾಧವನ್ನು ಯಾರೂ ಇಳಿಸಿರಲಿಲ್ಲ. ಆ ಸಂಜೆ ಅವರಿಗೆ ನಾನು ಹೇಳಿದ್ದು ಇದೇ ಟೆಕ್ಸಸ್ ನೆಲದಲ್ಲಿ ನಡೆದ ಒಂದು ಹಂದಿಯ ಕಥೆಯನ್ನು. ಊರಿನಲ್ಲಿರುವ ತಾಯಂದಿರಿಗೂ, ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಹೆಣ್ಣುಮಕ್ಕಳಿಗೂ ಅದು ತಿಳಿದಿರಲಿ ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಡಲ್ಲಾಸ್, ಹ್ಯೂಸ್ಟನ್ ಮತ್ತು ಆಸ್ಟಿನ್ ನಗರಗಳನ್ನು ಗೆರೆಯೆಳೆದು ಜೋಡಿಸಿದರೆ ಒಂದು ತ್ರಿಕೋನವಾಗುತ್ತದೆ. ಟೆಕ್ಸಸ್‌ನ ಬಹುಪಾಲು ಕನ್ನಡಿಗರ ಬದುಕು ಈ ತ್ರಿಕೋನದೊಳಗೇ ಓಡಾಡುತ್ತದೆ. ಅದರೊಳಗೆ ಕಾಲೇಜ್ ಸ್ಟೇಷನ್ ಎಂಬ ಊರಿದೆ. ಅಲ್ಲಿನ ಟೆಕ್ಸಸ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಫ್ರೆಡ್ ಹೇಲ್ ಎಂಬ ವಿಜ್ಞಾನಿ ಹಂದಿಗಳ ಆಹಾರದ ಕುರಿತು ಕೆಲಸ ಮಾಡುತ್ತಿದ್ದರು. ಜೀವಸತ್ವ 'ಎ' ಆಗ ಹೊಸ ವಸ್ತು. ಬೆಣ್ಣೆಯಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಇರುವ ಈ ಪೋಷಕಾಂಶವನ್ನು ಅಮೆರಿಕದ ವಿಜ್ಞಾನಿಗಳು ಗುರುತಿಸಿದ್ದು 1913ರಲ್ಲಿ. ಪಾಲ್ ಕ್ಯಾರರ್ ಅದರ ರಾಸಾಯನಿಕ ರಚನೆಯನ್ನು ಬಿಡಿಸಿದ್ದು 1931ರಲ್ಲಿ. ಹೇಲ್ ಅವರು ಒಂದು ಹೆಣ್ಣು ಹಂದಿಗೆ ಗರ್ಭಧಾರಣೆಗೆ ಮೊದಲು ಸುಮಾರು ಐದು ತಿಂಗಳ ಕಾಲ, ಗರ್ಭ ನಿಂತ ಮೇಲೆ ಮೊದಲ ಒಂದು ತಿಂಗಳ ಕಾಲ ಜೀವಸತ್ವ 'ಎ' ಇಲ್ಲದ ಮೇವನ್ನು ಕೊಟ್ಟರು. ಅದು ಹನ್ನೊಂದು ಮರಿಗಳನ್ನು ಈಯಿತು. ಹನ್ನೊಂದರಲ್ಲಿ ಒಂದಕ್ಕೂ ಕಣ್ಣುಗುಡ್ಡೆಗಳಿರಲಿಲ್ಲ.

1933ರಲ್ಲಿ ಹೇಲ್ ಈ ಸಂಗತಿಯನ್ನು ಪ್ರಕಟಿಸಿದಾಗ ವೈದ್ಯಲೋಕದ ನಂಬಿಕೆ ಬೇರೆಯೇ ಆಗಿತ್ತು. ಹುಟ್ಟಿನಿಂದಲೇ ಬರುವ ಅಂಗವೈಕಲ್ಯವೆಂದರೆ ಅದು ವಂಶದ ದೋಷ. ತಾಯಿಯ ಗರ್ಭವು ಭದ್ರವಾದ ಕೋಟೆ, ಹೊರಗಿನದೇನೂ ಒಳಗೆ ತಾಗದು ಎಂದು ಪಂಡಿತರೂ ಭಾವಿಸಿದ್ದರು. ಹೇಲ್ ಈ ವಾದವನ್ನೂ ಪರೀಕ್ಷೆಗೆ ಒಡ್ಡಿದರು. ಕುರುಡಾಗಿ ಹುಟ್ಟಿದ ಹಂದಿಗಳನ್ನೇ ಒಳ್ಳೆಯ ಮೇವು ಕೊಟ್ಟು ಬೆಳೆಸಿ ಅವುಗಳಿಂದ ಸಂತಾನ ಪಡೆದರು. ಆ ಮರಿಗಳ ಕಣ್ಣುಗಳು ಸರಿಯಾಗಿದ್ದವು. ವಂಶದಲ್ಲಿ ದೋಷವಿರಲಿಲ್ಲ, ಬೇಕಾದ ಹೊತ್ತಿನಲ್ಲಿ ಬೇಕಾದ ಒಂದು ವಸ್ತು ಇರಲಿಲ್ಲ, ಅಷ್ಟೇ. ಸಸ್ತನಿಗಳಲ್ಲಿ ತಾಯಿಯ ಆಹಾರದ ಕೊರತೆಯೊಂದರಿಂದಲೇ ಭ್ರೂಣದ ಅಂಗ ಕೆಡಬಲ್ಲದೆಂಬುದಕ್ಕೆ ಮೊದಲ ಸ್ಪಷ್ಟ ಪುರಾವೆಗಳಲ್ಲಿ ಇದೂ ಒಂದು.

ಮಿತ್ರರ ಮನೆಯ ಆ ತಾಯಿ ಇಲ್ಲಿ ನನ್ನನ್ನು ತಡೆದರು. "ಜೀವಸತ್ವ 'ಎ' ಅಂದ್ರೆ ಇರುಳುಗುರುಡಿನ ಔಷಧಿ ಅಲ್ವೇ? ನಮ್ಮೂರಿನ ನರ್ಸಮ್ಮ ಮಕ್ಕಳ ಬಾಯಿಗೆ ಚಮಚದಲ್ಲಿ ಹಾಕೋರು."

ಹೌದು, ಅದೇ. ಭಾರತ ಸರ್ಕಾರವು 1970ರಲ್ಲಿ ಆರಂಭಿಸಿದ ಕಾರ್ಯಕ್ರಮವದು. ಒಂಬತ್ತು ತಿಂಗಳ ಮಗುವಿಗೆ ದಡಾರದ ಲಸಿಕೆಯೊಡನೆ ಒಂದು ಲಕ್ಷ ಘಟಕ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಘಟಕ. ಹೌಸ್ ಸರ್ಜನ್ ಆಗಿದ್ದ ದಿನಗಳಲ್ಲಿ, ಗೆರೆ ಹಾಕಿದ ಪುಟ್ಟ ಚಮಚದಿಂದ ಆ ಹಳದಿ ದ್ರಾವಣವನ್ನು ನಾನೂ ಎಷ್ಟೋ ಮಕ್ಕಳ ಬಾಯಿಗೆ ಹಾಕಿದ್ದೇನೆ. ಕಣ್ಣಿನ ಒಳಪದರದಲ್ಲಿ ಮಂದ ಬೆಳಕನ್ನು ಗ್ರಹಿಸುವ ವಸ್ತು ತಯಾರಾಗುವುದು ಜೀವಸತ್ವ 'ಎ'ಯಿಂದ. ಜಾರ್ಜ್ ವಾಲ್ಡ್ ಅವರಿಗೆ 1967ರ ನೊಬೆಲ್ ಪಾರಿತೋಷಕ ದೊರೆತದ್ದು ದೃಷ್ಟಿಯ ಈ ರಸಾಯನವನ್ನು ಬಿಡಿಸಿದ್ದಕ್ಕಾಗಿ. ಆದರೆ ಹೇಲ್ ಅವರ ಹಂದಿಮರಿಗಳ ಕಣ್ಣು ಮಂಜಾಗಿರಲಿಲ್ಲ, ಕಣ್ಣೇ ರಚನೆಯಾಗಿರಲಿಲ್ಲ. ಹಾಗಾದರೆ ಈ ಜೀವಸತ್ವವು ಗರ್ಭದೊಳಗೆ ಮಾಡುತ್ತಿದ್ದ ಕೆಲಸವೇನು? ಉತ್ತರ ದೊರೆಯಲು ಇನ್ನೂ ಐವತ್ತು ವರ್ಷಗಳು ಹಿಡಿದವು.

ನಾವು ಹಾಲು, ತುಪ್ಪ, ಮೊಟ್ಟೆಗಳಿಂದ ಪಡೆಯುವ ಜೀವಸತ್ವ 'ಎ' ಯಕೃತ್ತಿನಲ್ಲಿ ಸಂಗ್ರಹವಾಗಿ, ಅಗತ್ಯವಿದ್ದಷ್ಟು ರಕ್ತಕ್ಕೆ ಇಳಿಯುತ್ತದೆ. ಜೀವಕೋಶಗಳು ಅದನ್ನು ಎರಡು ಹಂತಗಳಲ್ಲಿ ರೆಟಿನಾಯಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಈ ಆಮ್ಲವು ಕೋಶಕೇಂದ್ರವನ್ನು ಹೊಕ್ಕು, ವಂಶವಾಹಿಗಳ ಬಾಗಿಲಲ್ಲಿ ಕಾದಿರುವ ಗ್ರಾಹಕವೆಂಬ ಪ್ರೋಟೀನಿಗೆ ಬೀಗಕ್ಕೆ ಕೀಲಿಯಂತೆ ಕೂಡಿಕೊಳ್ಳುತ್ತದೆ. ಆಗ ಮುಚ್ಚಿದ್ದ ವಂಶವಾಹಿಗಳು ತೆರೆದು ಕೆಲಸ ಆರಂಭಿಸುತ್ತವೆ. ಈ ಗ್ರಾಹಕವನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ರೊನಾಲ್ಡ್ ಇವಾನ್ಸ್ ಮತ್ತು ಫ್ರಾನ್ಸಿನ ಪಿಯೇರ್ ಶಾಂಬೋನ್ ಅವರ ಪ್ರಯೋಗಾಲಯಗಳು ಒಂದೇ ಕಾಲಕ್ಕೆ, ಪ್ರತ್ಯೇಕವಾಗಿ ಕಂಡುಹಿಡಿದವು.

ಮುಂದಿನ ಅಧ್ಯಾಯಗಳಲ್ಲಿ ನಮ್ಮ ತ್ರಿಕೋನದ ಮೂರು ನಗರಗಳಿಗೂ ಪಾಲಿದೆ. ಇವಾನ್ಸ್ ಅವರ ಬಳಿ ಕೆಲಸ ಮಾಡುತ್ತಿದ್ದ ಡೇವಿಡ್ ಮ್ಯಾಂಗಲ್ಸ್‌ಡಾರ್ಫ್ 1990ರಲ್ಲಿ ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಕವನ್ನು ವರದಿ ಮಾಡಿದರು. ಅದು ಜೀವಸತ್ವ 'ಎ'ಯ ಗ್ರಾಹಕಕ್ಕೆ ಮಾತ್ರವಲ್ಲ, ಜೀವಸತ್ವ 'ಡಿ' ಮತ್ತು ಥೈರಾಯ್ಡ್ ಹಾರ್ಮೋನುಗಳ ಗ್ರಾಹಕಗಳಿಗೂ ಜೊತೆಗಾರನೆಂದು ಆಮೇಲೆ ತಿಳಿಯಿತು. ಮ್ಯಾಂಗಲ್ಸ್‌ಡಾರ್ಫ್ 1993ರಲ್ಲಿ ಡಲ್ಲಾಸ್‌ನ ಯುಟಿ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರಕ್ಕೆ ಬಂದು ನೆಲೆಸಿದರು. ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಬರ್ಟ್ ಓ'ಮ್ಯಾಲಿ ಅವರ ತಂಡವು, ಇಂಥ ಗ್ರಾಹಕಗಳು ವಂಶವಾಹಿಯನ್ನು ತೆರೆಯುವಾಗ ನೆರವಾಗುವ ಸಹಾಯಕ ಪ್ರೋಟೀನುಗಳನ್ನು 1995ರಿಂದ ಮೊದಲ್ಗೊಂಡು ಗುರುತಿಸಿತು.

ಭ್ರೂಣದ ಮಟ್ಟಿಗೆ ಹೆಚ್ಚು ನೇರವಾದ ಪ್ರಯೋಗವೊಂದು 1999ರಲ್ಲಿ ಪ್ರಕಟವಾಯಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಆಗ ಸಂಶೋಧನೆ ನಡೆಸುತ್ತಿದ್ದ, ಮುಂದೆ ಹ್ಯೂಸ್ಟನ್‌ನ ಬೇಲರ್‌ನಲ್ಲಿಯೂ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿಯೂ ಕೆಲಸ ಮಾಡಿದ ಅಣುಜೀವಶಾಸ್ತ್ರಜ್ಞೆ ಕ್ಯಾರೆನ್ ನೀಡರ್‌ರೈಟರ್ ಮತ್ತು ಅವರ ಸಹೋದ್ಯೋಗಿಗಳು, ರೆಟಿನಾಯಿಕ್ ಆಮ್ಲವನ್ನು ತಯಾರಿಸುವ ಮುಖ್ಯ ಕಿಣ್ವದ ವಂಶವಾಹಿಯನ್ನು ಇಲಿಗಳಲ್ಲಿ ನಿಷ್ಕ್ರಿಯಗೊಳಿಸಿದರು. ತಾಯಿ ಇಲಿಗೆ ಆಹಾರದ ಕೊರತೆಯೇನೂ ಇರಲಿಲ್ಲ. ಭ್ರೂಣಕ್ಕೆ ಮಾತ್ರ ಆ ಜೀವಸತ್ವವನ್ನು ಸಂಕೇತವಾಗಿ ಮಾರ್ಪಡಿಸುವ ಶಕ್ತಿಯಿರಲಿಲ್ಲ. ಆ ಭ್ರೂಣಗಳ ಹೃದಯವು ಕೋಣೆಗಳಾಗಿ ಬೇರ್ಪಡದೆ ಒಂದೇ ಚೀಲದಂತೆ ಉಬ್ಬಿಕೊಂಡಿತು; ಕಾಲುಗಳ ಮೊಗ್ಗುಗಳು ಮೂಡಲೇ ಇಲ್ಲ; ಗರ್ಭಾವಧಿಯ ನಡುವೆಯೇ ಅವು ಸತ್ತುಹೋದವು. ಸರಿಯಾದ ದಿನಗಳಲ್ಲಿ ತಾಯಿ ಇಲಿಗೆ ರೆಟಿನಾಯಿಕ್ ಆಮ್ಲವನ್ನೇ ನೇರವಾಗಿ ಕೊಟ್ಟಾಗ ಭ್ರೂಣಗಳ ಬೆಳವಣಿಗೆ ಬಹಳ ಮಟ್ಟಿಗೆ ಸುಧಾರಿಸಿತು. ಹೇಲ್ ಅವರ ಹಂದಿ ಕೇಳಿದ್ದ ಪ್ರಶ್ನೆಗೆ ಇದು ಅಣುಗಳ ಭಾಷೆಯಲ್ಲಿ ಬಂದ ಉತ್ತರ.

ಮಲೆನಾಡಿನ ಅಡಿಕೆ ತೋಟ ಕಂಡವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ತೋಟಕ್ಕೆ ನೀರು ಬೇಕು. ಆದರೆ ಎಲ್ಲ ಕಡೆಗೂ ಒಂದೇ ಸಮನೆ ಹರಿದರೆ ಬೇರು ಕೊಳೆಯುತ್ತದೆ. ತೂಬು ತೆರೆಯುವುದಕ್ಕೂ ಮುಚ್ಚುವುದಕ್ಕೂ ಹೊತ್ತು ತಿಳಿದವರು ಬೇಕು. ಭ್ರೂಣದಲ್ಲಿ ರೆಟಿನಾಯಿಕ್ ಆಮ್ಲವನ್ನು ತಯಾರಿಸುವ ಕಿಣ್ವಗಳು ಒಂದೆಡೆ ತೂಬು ತೆರೆದರೆ, ಅದನ್ನು ಒಡೆದುಹಾಕುವ ಬೇರೆ ಕಿಣ್ವಗಳು ಇನ್ನೊಂದೆಡೆ ಮುಚ್ಚುತ್ತವೆ. ಬೆನ್ನಿನ ಭಾಗದಲ್ಲಿ ಅದು ಹೆಚ್ಚು, ತಲೆ ರೂಪುಗೊಳ್ಳುವ ತುದಿಯಲ್ಲಿ ಕಡಿಮೆ. ಕೋಶಗಳು ಈ ಏರಿಳಿತವನ್ನು ಓದಿಕೊಂಡೇ ತಾವು ಶರೀರದ ಯಾವ ಭಾಗವಾಗಬೇಕೆಂಬುದನ್ನು ನಿರ್ಧರಿಸುತ್ತವೆ.

ಈ ಸಂಕೇತದ ಬಲವನ್ನು ತೋರಿಸಿದ ವಿಸ್ಮಯಕರ ಪ್ರಯೋಗವೊಂದು ನಮ್ಮ ದೇಶದಲ್ಲಿಯೇ ನಡೆಯಿತು. ಒಡಿಶಾದ ಪ್ರಿಯಂಬದಾ ಮೊಹಾಂತಿ ಹೆಜ್ಮಾಡಿ ಅವರು ಪ್ರಾಣಿಶಾಸ್ತ್ರಜ್ಞೆ. ಒಡಿಸ್ಸಿ ನೃತ್ಯದಲ್ಲಿಯೂ ಹೆಸರಾದವರು. ಅವರ ಹೆಸರಿನ ಕೊನೆಯ ಪದ ನಮ್ಮವರಿಗೆ ಉಡುಪಿ ಜಿಲ್ಲೆಯ ಹೆಜಮಾಡಿಯನ್ನು ನೆನಪಿಸದೆ ಇರದು. ಅವರ ತಂಡವು ಕಪ್ಪೆಯ ಗೊದಮೊಟ್ಟೆಗಳ ಬಾಲವನ್ನು ಕತ್ತರಿಸಿ, ಅವುಗಳನ್ನು ಜೀವಸತ್ವ 'ಎ' ಬೆರೆಸಿದ ನೀರಿನಲ್ಲಿ ಬಿಟ್ಟಿತು. ಬಾಲ ಮರಳಿ ಬೆಳೆಯಬೇಕಾದ ಜಾಗದಲ್ಲಿ ಕಾಲುಗಳು ಬೆಳೆದವು! 1992ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜಗತ್ತಿನ ಜೀವಶಾಸ್ತ್ರಜ್ಞರು ಬೆರಗಾದರು. ಕೊರತೆಯಾದರೆ ಕಣ್ಣೇ ಇಲ್ಲ. ಅತಿಯಾದರೆ ಬಾಲದ ಜಾಗದಲ್ಲಿ ಕಾಲು.

ಈ ಮಾತಿನಲ್ಲಿಯೇ ನಮ್ಮ ಮನೆಗಳಿಗೆ ಸಂಬಂಧಿಸಿದ ಎಚ್ಚರವೂ ಅಡಗಿದೆ. ಪೌಷ್ಟಿಕವಾದುದು ಹೆಚ್ಚಾದಷ್ಟೂ ಒಳ್ಳೆಯದೆಂಬುದು ನಮ್ಮ ಹಿರಿಯರ ವಾತ್ಸಲ್ಯದ ಲೆಕ್ಕ. ಜೀವಸತ್ವ 'ಎ'ಯ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ. ಅದು ಅತಿಯಾದರೆ ಇಲಿಗಳ ಭ್ರೂಣಗಳು ವಿಕಾರಗೊಳ್ಳುತ್ತವೆಂದು 1953ರಲ್ಲಿಯೇ ವರದಿಯಾಗಿತ್ತು. ಮನುಷ್ಯರ ವಿಷಯದಲ್ಲಿ ಕಟು ಸತ್ಯ ಹೊರಬಿದ್ದದ್ದು ಒಂದು ಔಷಧದಿಂದ. ತೀವ್ರವಾದ ಮೊಡವೆಗಳಿಗೆಂದು ಐಸೊಟ್ರೆಟಿನಾಯಿನ್ ಎಂಬ ಮಾತ್ರೆಗೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ರೆಟಿನಾಯಿಕ್ ಆಮ್ಲದ್ದೇ ಒಂದು ರೂಪ. ಗರ್ಭಿಣಿಯರಿಗೆ ಕೊಡಬಾರದೆಂಬ ಸೂಚನೆಯಿದ್ದರೂ ಅವಘಡಗಳು ನಡೆದವು. 1985ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಔಷಧದ ಸಂಪರ್ಕಕ್ಕೆ ಬಂದ 154 ಗರ್ಭಗಳನ್ನು ಪರಿಶೀಲಿಸಿ, 21 ಶಿಶುಗಳಲ್ಲಿ ಗಂಭೀರವಾದ ವಿಕಲತೆಗಳನ್ನು ದಾಖಲಿಸಿತು: ಕಿವಿಗಳಿಲ್ಲದಿರುವುದು, ಹೃದಯದ ಮಹಾನಾಳಗಳ ದೋಷ, ಮೆದುಳಿನ ದೋಷ. ಭ್ರೂಣವು ತೂಬುಗಳನ್ನು ಎಚ್ಚರದಿಂದ ಮುಚ್ಚಿಕೊಂಡ ಜಾಗಕ್ಕೂ ಮಾತ್ರೆಯಿಂದ ಬಂದ ಆಮ್ಲವು ಪ್ರವಾಹದಂತೆ ನುಗ್ಗುತ್ತದೆ.

ಆದುದರಿಂದಲೇ ಇಲ್ಲಿ ಈ ಮಾತ್ರೆಗೆ 2006ರಿಂದ ರಾಷ್ಟ್ರವ್ಯಾಪಿ ನೋಂದಣಿ ಕಡ್ಡಾಯವಾಗಿದೆ. ಗರ್ಭ ಧರಿಸಬಲ್ಲ ಹೆಣ್ಣುಮಕ್ಕಳು ಗರ್ಭಪರೀಕ್ಷೆ ಮಾಡಿಸಿಕೊಂಡು, ಗರ್ಭನಿರೋಧದ ಕ್ರಮಗಳನ್ನು ಅನುಸರಿಸಿದರಷ್ಟೇ ಅದು ಸಿಗುತ್ತದೆ. ಅದೂ ಒಂದು ಸಲಕ್ಕೆ ಒಂದು ತಿಂಗಳಿಗಾಗುವಷ್ಟು ಮಾತ್ರ.

ಈಗ ಮತ್ತೆ ಆ ಮಿತ್ರರ ಮನೆಗೆ ಬರೋಣ. ಮಾತು ಇಲ್ಲಿಗೆ ಬಂದಾಗ ಗರ್ಭಿಣಿ ಮಗಳು ತಟ್ಟನೆ, "ಅಮ್ಮಾ, ಪುಟ್ಟಿ ತಗೋತಿರೋದು ಇದೇ ಮಾತ್ರೆ ಅಲ್ವಾ?" ಎಂದಳು. ಅವಳ ತಂಗಿಗೆ ಕೆಲವು ವಾರಗಳ ಹಿಂದೆಯಷ್ಟೇ ಮದುವೆಯಾಗಿತ್ತು. ಗಂಡನೊಡನೆ ಅಮೆರಿಕಕ್ಕೆ ಬರಲು ವೀಸಾದ ನಿರೀಕ್ಷೆಯಲ್ಲಿದ್ದಳು. ಮದುವೆಯ ಮೊದಲು ಮುಖದ ಮೊಡವೆಗಳು ಮಾಯಲೆಂದು ಹಿಂದೊಮ್ಮೆ ವೈದ್ಯರು ಬರೆದುಕೊಟ್ಟಿದ್ದ ಚೀಟಿಯನ್ನೇ ತೋರಿಸಿ, ಬೆಂಗಳೂರಿನ ಔಷಧದಂಗಡಿಯಲ್ಲಿ ತಿಂಗಳು ತಿಂಗಳೂ ಮಾತ್ರೆಗಳನ್ನು ಕೊಳ್ಳುತ್ತಿದ್ದಳು. ಅಮೆರಿಕದಲ್ಲಿ ದುಬಾರಿಯೆಂದು ಆರು ತಿಂಗಳ ದಾಸ್ತಾನನ್ನೂ ಕಟ್ಟಿಟ್ಟಿದ್ದಳಂತೆ. ಅಂದೇ ರಾತ್ರಿ, ಭಾರತದ ಬೆಳಗಿನ ಹೊತ್ತಿಗೆ, ಕರೆ ಮಾಡಿ ವಿಷಯ ತಿಳಿಸಿದೆವು. ಅವಳು ಗರ್ಭಿಣಿಯಾಗಿರಲಿಲ್ಲ. ಮಾತ್ರೆಯನ್ನು ನಿಲ್ಲಿಸಿ, ಅದೇ ವಾರ ಚರ್ಮವೈದ್ಯರನ್ನು ಕಂಡಳು. ನಿಲ್ಲಿಸಿದ ಮೇಲೆ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದೆಂದು ಅವರೂ ತಿಳಿಸಿದರು.

ಆಕಾಶದಲ್ಲಿ ನೆರಳು ಬಿದ್ದೀತೆಂದು ಏಳು ತಿಂಗಳ ಗರ್ಭಿಣಿಯನ್ನು ಕೋಣೆಯಲ್ಲಿ ಕೂರಿಸಿದ್ದ ಮನೆಯಲ್ಲಿ, ನಿಜವಾದ ಅಪಾಯವಿದ್ದದ್ದು ಇನ್ನೊಬ್ಬ ಮಗಳ ಕೈಚೀಲದಲ್ಲಿ.

ಕಾಲದ ಲೆಕ್ಕವನ್ನೂ ನೋಡಿ. ಗರ್ಭ ನಿಂತ ಮೂರನೆಯ ವಾರ ಮುಗಿಯುತ್ತಿದ್ದಂತೆ ಹೃದಯ ಮಿಡಿಯತೊಡಗುತ್ತದೆ. ಸುಮಾರು ಆ ಹೊತ್ತಿಗೇ ಕಣ್ಣಿನ ಮೊದಲ ಗುರುತು ಮೂಡುತ್ತದೆ. ನಾಲ್ಕನೆಯ ವಾರದ ಕೊನೆಗೆ ಮೆದುಳು ಮತ್ತು ಬೆನ್ನುಹುರಿಗಳ ಕೊಳವೆ ಮುಚ್ಚಿಕೊಳ್ಳುತ್ತದೆ. ಮೇಲ್ದುಟಿ ಕೂಡಿಕೊಳ್ಳುವುದು ಏಳನೆಯ ವಾರದ ವೇಳೆಗೆ. ಎಂದರೆ ತಾಯಿಗೆ ತಿಂಗಳು ತಪ್ಪಿದ್ದು ಖಚಿತವಾಗಿ, ಮನೆಯವರಿಗೆ ಸಿಹಿ ಹಂಚುವ ಹೊತ್ತಿಗೆ ಬಹಳಷ್ಟು ರಚನೆ ಮುಗಿದಿರುತ್ತದೆ. ಏಳನೆಯ ತಿಂಗಳಲ್ಲಿ ಯಾವ ಗ್ರಹಣವೂ ಯಾವ ಈಳಿಗೆಮಣೆಯೂ ಏಳನೆಯ ವಾರದಲ್ಲಿ ಕೂಡಿಕೊಂಡ ತುಟಿಯನ್ನು ಸೀಳಲಾರದು. ಸೀಳುತುಟಿಗೆ ಹಲವು ವಂಶವಾಹಿಗಳೂ ಹಲವು ಹೊರಗಿನ ಕಾರಣಗಳೂ ಸೇರಿರುತ್ತವೆ. ಒಬ್ಬ ತಾಯಿಯ ಒಂದು ದಿನದ ಕೆಲಸವನ್ನು ಬೆರಳಿಟ್ಟು ತೋರಿಸಲು ಯಾವ ವೈದ್ಯನಿಗೂ ಸಾಧ್ಯವಿಲ್ಲ.

ಹಾಗೆಂದು ಯಾರೂ ಗಾಬರಿಯಾಗಬೇಕಿಲ್ಲ. ನುಗ್ಗೆಸೊಪ್ಪು, ಹರಿವೆಸೊಪ್ಪು, ಸಿಹಿಕುಂಬಳ, ಕ್ಯಾರೆಟ್, ಮಾವಿನಹಣ್ಣುಗಳನ್ನು ಗರ್ಭಿಣಿಯರು ಧಾರಾಳವಾಗಿ ತಿನ್ನಬಹುದು. ಅವುಗಳಲ್ಲಿರುವುದು ಬೀಟಾ ಕ್ಯಾರೊಟಿನ್. ಶರೀರವು ತನಗೆ ಬೇಕಾದಷ್ಟನ್ನೇ ಅದರಿಂದ ಜೀವಸತ್ವ 'ಎ'ಯಾಗಿ ಮಾಡಿಕೊಳ್ಳುತ್ತದೆ. ನಿತ್ಯದ ಹಾಲು ತುಪ್ಪಗಳಿಗೂ ಭಯವಿಲ್ಲ. ಎಚ್ಚರ ಬೇಕಾಗಿರುವುದು ರೆಟಿನಾಲ್ ರೂಪದಲ್ಲಿರುವ ಮಾತ್ರೆಗಳು, ಮೀನೆಣ್ಣೆಯ ಹೆಸರಿನಲ್ಲಿ ಬರುವ ಕಾಡ್ ಯಕೃತ್ತಿನ ಎಣ್ಣೆ, ಮತ್ತು ಯಕೃತ್ತಿನ ಖಾದ್ಯಗಳ ಬಗೆಗೆ. ಗರ್ಭಿಣಿಗೆ ದಿನಕ್ಕೆ ಬೇಕಾದುದು 770 ಮೈಕ್ರೊಗ್ರಾಂ ಎಂದು ಇಲ್ಲಿನ ಶಿಫಾರಸು. ರೆಟಿನಾಲ್ ರೂಪದಲ್ಲಿ 3,000 ಮೈಕ್ರೊಗ್ರಾಂ, ಎಂದರೆ 10,000 ಘಟಕಗಳನ್ನು ಮೀರಬಾರದು. 1995ರಲ್ಲಿ ಪ್ರಕಟವಾದ, 22,748 ಗರ್ಭಿಣಿಯರ ಅಧ್ಯಯನವು ಈ ಮಿತಿಯನ್ನು ಮಾತ್ರೆಗಳಿಂದ ಮೀರಿದವರಲ್ಲಿ ಅಪಾಯ ಹೆಚ್ಚೆಂದು ತೋರಿಸಿತು. ವೈದ್ಯರು ಕೊಟ್ಟ ಗರ್ಭಿಣಿಯರ ಮಾತ್ರೆಯ ಜೊತೆಗೆ, ಊರಿನಿಂದ ಬಂದ ಟಾನಿಕ್, ಸ್ನೇಹಿತೆ ಹೇಳಿದ ಕೂದಲಿನ ಮಾತ್ರೆ ಎಂದು ಒಂದರ ಮೇಲೊಂದು ಸೇರಿದಾಗ ಈ ಲೆಕ್ಕ ತಪ್ಪುವುದು ಸುಲಭ. ಹಾಗೆಯೇ, ಊರಿನಲ್ಲಿ ಮಕ್ಕಳಿಗೆ ಕೊಡುವ ಹನಿಯನ್ನು ಈ ಲೇಖನ ಓದಿ ಯಾರೂ ನಿರಾಕರಿಸಬಾರದು. ಅದು ಹುಟ್ಟಿದ ಮಗುವಿನ ಕಣ್ಣು ಉಳಿಸುವ ಔಷಧ. ಭ್ರೂಣದ ಪ್ರಶ್ನೆ ಬೇರೆ.

ವಿದೇಶಕ್ಕೆ ಹೊರಟ ಹೆಣ್ಣುಮಕ್ಕಳಿಗೆ ನನ್ನ ಸಲಹೆ ಸರಳವಾದುದು. ನೀವು ಸೇವಿಸುವ ಪ್ರತಿಯೊಂದು ಔಷಧದ ಮೂಲ ಹೆಸರನ್ನು, ಮೊಡವೆಯದೂ ಸೇರಿದಂತೆ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಗು ಬೇಕೆಂಬ ಆಲೋಚನೆ ಬಂದಾಗಲೇ, ಗರ್ಭ ನಿಂತ ಮೇಲಲ್ಲ, ಆ ಹಾಳೆಯನ್ನು ವೈದ್ಯರ ಮುಂದಿಡಿ. ಫೋಲಿಕ್ ಆಮ್ಲದ ಮಾತ್ರೆಯನ್ನೂ ಗರ್ಭಧಾರಣೆಗೆ ಒಂದು ತಿಂಗಳ ಮೊದಲೇ ಆರಂಭಿಸಬೇಕಾಗುತ್ತದೆ. ಕಾಪೆಲ್‌ಗೆ ಬರುವ ತಾಯಂದಿರೇ, ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಮೆಂತ್ಯದ ಹಿಟ್ಟು ತುಂಬಿಕೊಂಡು ಬನ್ನಿ. ವೈದ್ಯರನ್ನು ಕೇಳದ ಮಾತ್ರೆಗಳು ಬೇಡ.

ಜೂನ್ ತಿಂಗಳಲ್ಲಿ ಆ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ನೋಡಲು ಹೋದಾಗ ಅಜ್ಜಿ ಅಡುಗೆಮನೆಯಲ್ಲಿ ಬಾಣಂತಿಗೆ ಸಾರು ಮಾಡುತ್ತಿದ್ದರು. ಮಗುವನ್ನು ನನ್ನ ಕೈಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆ ಹಂದಿ ಕಥೆ ಹೇಳಿದ್ರಲ್ಲ ಡಾಕ್ಟ್ರೇ, ಅದನ್ನ ಫೋನಿನಲ್ಲಿ ನಮ್ಮಣ್ಣನ ಮಗನಿಗೆ ಹೇಳ್ದೆ. ತುಂಬ ಹೊತ್ತು ಮಾತಾಡ್ಲಿಲ್ಲ ಅವನು. ಆಮೇಲೆ, 'ಅಮ್ಮ ಇದ್ದಾಗ ಯಾರಾದ್ರೂ ಹೇಳಿದ್ದಿದ್ರೆ ಚೆನ್ನಾಗಿರ್ತಿತ್ತು ಅತ್ತೆ' ಅಂದ."